ಅಬ್ಬಿ ನೀರು ನಿಂತರೆ ಎಲ್ಲಿಂದ ಹುಡುಕಬೇಕು

ಪಂಪು, ಕರೆಂಟು ಯಾವುದೂ ಇಲ್ಲದೆ ಗುಡ್ಡದಿಂದ ತಾನಾಗಿ ಇಳಿದು ಬರುವ ನೀರಿಗೆ ನಮ್ಮ ಕಡೆ ಅಬ್ಬಿ ನೀರು ಅಂತೀವಿ. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ಮನೆ ಹಿಂದಿನ ಕಾಡಿನ ಒರತೆಯಿಂದ ಸುಮಾರು 400 ಮೀಟರ್ ಒಂದಿಂಚಿನ ಕಪ್ಪು ಪೈಪು ಬಂದಿದೆ. ಒರತೆಗೂ ದರೆ ಮೇಲಿನ ಟ್ಯಾಂಕಿಗೂ 35 ಮೀಟರ್ ಎತ್ತರದ ವ್ಯತ್ಯಾಸ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋದರೂ ಬಚ್ಚಲಿನ ನಲ್ಲಿಯಲ್ಲಿ ನೀರು ಇದ್ದೇ ಇರುತ್ತದೆ. ಮಾವನಿಗೆ ಗುಡ್ಡ ಹತ್ತಲು ಕಷ್ಟವಾದ ಮೇಲೆ ಈ ಲೈನಿನ ಜವಾಬ್ದಾರಿ ನನ್ನದಾಯಿತು. ಈಗ ಅಕ್ಕಪಕ್ಕದ ಮನೆಯವರೂ ನೀರು ನಿಂತರೆ ಕರೆಯುತ್ತಾರೆ.

ನೀರು ನಿಂತ ಕೂಡಲೇ ತುಂಬ ಜನ ಕತ್ತಿ ಹಿಡಿದು ಹೋಗಿ ಪೈಪು ಕತ್ತರಿಸಿ ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕತ್ತರಿಸಿದ ಕಡೆಯೆಲ್ಲ ಒಂದು ಜಾಯಿಂಟ್ ಉಳಿಯುತ್ತದೆ. ಒಳಗೆ ತುರುಕುವ ಜಾಯಿಂಟು ಪೈಪಿನ ಬಾಯಿಯನ್ನು ಕಿರಿದು ಮಾಡುತ್ತದೆ, ಮುಂದೆ ಕಳಚಿಕೊಳ್ಳುವುದೂ ಅಲ್ಲೇ. ನೀರು ಎಲ್ಲಿವರೆಗೆ ಬಂದು ನಿಂತಿದೆ ಅಂತ ಮೊದಲು ತಿಳಿದುಕೊಳ್ಳಿ. ಅದನ್ನು ಮನೆ ಹತ್ತಿರವೇ ನಿಂತು ತಿಳಿಯಬಹುದು.

ಟ್ಯಾಂಕಿನ ಹತ್ತಿರ ಮಾಡುವ ಪರೀಕ್ಷೆ

ಟ್ಯಾಂಕಿಗೆ ಬೀಳುವ ಪೈಪಿನ ತುದಿಯಲ್ಲಿ ಒಂದು ವಾಲ್ವ್ ಇರಲಿ. ಅದರ ಹಿಂದೆ ಒಂದು ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ ಪ್ರೆಶರ್ ಗೇಜ್ ಕೂರಿಸಿ. ಈ ಸಣ್ಣ ಡಯಲ್ ಪಂಪಿನ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಸುಮ್ನೆ ಗುಡ್ಡ ಹತ್ತಿ ಇಳಿಯುವ ಕೆಲಸವನ್ನು ಇದರಷ್ಟು ಉಳಿಸುವ ವಸ್ತು ಬೇರೆ ಇಲ್ಲ.

ಲೆಕ್ಕ ಸುಲಭ. ನೀರು ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಕೊಡುತ್ತದೆ. ಪೈಪು ಎಷ್ಟು ಉದ್ದ, ಎಷ್ಟು ದಪ್ಪ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಎತ್ತರ ಮಾತ್ರ. ನಮ್ಮ 35 ಮೀಟರಿಗೆ ವಾಲ್ವ್ ಮುಚ್ಚಿದಾಗ ಗೇಜಿನಲ್ಲಿ ಮೂರೂವರೆ ತೋರಿಸಬೇಕು. ವಾಲ್ವ್ ಮುಚ್ಚಿ, ಮುಳ್ಳು ಅಲುಗಾಡದೆ ನಿಲ್ಲುವವರೆಗೆ ಕಾಯಿರಿ.

ಮುಳ್ಳು ಮೂರೂವರೆಗೆ ಬಂದು ನಿಂತರೆ ಪೈಪು ಮೇಲಿನವರೆಗೂ ತುಂಬಿದೆ, ಎಲ್ಲೂ ಒಡೆದಿಲ್ಲ. ಹಾಗಿದ್ದೂ ವಾಲ್ವ್ ತೆರೆದ ಮೇಲೆ ನೀರು ಕಮ್ಮಿ ಅಂದರೆ ದಾರಿಯಲ್ಲಿ ಎಲ್ಲೋ ಕಸ ಕಟ್ಟಿದೆ, ಇಲ್ಲವೇ ಒರತೆಯಲ್ಲೇ ನೀರು ಸಾಲುತ್ತಿಲ್ಲ. ಮುಳ್ಳು 2ಕ್ಕೇ ನಿಂತುಬಿಟ್ಟರೆ ಟ್ಯಾಂಕಿಗಿಂತ 20 ಮೀಟರ್ ಮೇಲಿನವರೆಗೆ ಮಾತ್ರ ನೀರು ನಿಂತಿದೆ ಅಂತ ಅರ್ಥ. ಪೈಪು ಬಿಟ್ಟುಕೊಂಡಿದ್ದರೆ ಆ ಎತ್ತರದ ಆಸುಪಾಸಿನಲ್ಲೇ ಹುಡುಕಿ. ಅಲ್ಲಿ ಏನೂ ಕಾಣದಿದ್ದರೆ ಗಾಳಿ ಹಿಡಿದಿರಬಹುದು, ಅದರ ಮಾತು ಮುಂದೆ ಹೇಳುತ್ತೇನೆ. ಮುಳ್ಳು ಮೇಲೆ ಏಳದೇ ಇದ್ದರೆ ತಳದಲ್ಲೇ ಒಡೆದಿದೆ, ಅಥವಾ ಮೇಲಿಂದ ನೀರೇ ಇಳಿಯುತ್ತಿಲ್ಲ.

ಗೇಜಿನ ಜೊತೆಗೆ ಬೇಕಾದದ್ದು ಒಂದು ಬಕೆಟ್. 15 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ಅಂತ ನೀರು ಚೆನ್ನಾಗಿರುವಾಗಲೇ ನೋಡಿ, ಗೋಡೆ ಮೇಲೆ ತಿಂಗಳ ಸಮೇತ ಬರೆದಿಡಿ. ನಮ್ಮಲ್ಲಿ ಜುಲೈನಲ್ಲಿ ಅರ್ಧ ನಿಮಿಷ ಸಾಕು, ಏಪ್ರಿಲ್‌ನಲ್ಲಿ ಐದಾರು ನಿಮಿಷ ಬೇಕು. ಈ ಲೆಕ್ಕ ಇಲ್ಲದಿದ್ದರೆ ಪೈಪಿಗೆ ಏನಾದರೂ ಆಗಿದೆಯೋ, ಬೇಸಿಗೆ ಬಂದು ಒರತೆಯೇ ಬತ್ತಿದೆಯೋ ಅಂತ ಹೇಳುವುದು ಹೇಗೆ? ಇನ್ನೊಂದು ಮಾತು. ಸಣ್ಣ ಧಾರೆ ನೋಡಿ ಗಾಬರಿ ಆಗಬೇಡಿ. ನಿಮಿಷಕ್ಕೆ 2 ಲೀಟರ್ ಬಂದರೂ ದಿನಕ್ಕೆ 2,880 ಲೀಟರ್ ಆಗುತ್ತದೆ. ಮನೆಖರ್ಚಿಗೆ ಅಷ್ಟು ಧಾರಾಳ ಸಾಕು, ಕೂಡಿಡಲು ಟ್ಯಾಂಕ್ ದೊಡ್ಡದಿರಬೇಕು ಅಷ್ಟೆ.

ನೀರು ಪುಸ್ ಪುಸ್ ಅಂತ ಉಗುಳುತ್ತ ಬರುತ್ತಿದ್ದರೆ ಪೈಪಿಗೆ ಗಾಳಿ ಸೇರುತ್ತಿದೆ. ಬೇಸಿಗೆಯಲ್ಲಿ ಇದಕ್ಕೆ ಸಾಮಾನ್ಯ ಕಾರಣ, ಒರತೆ ಕೊಡುವುದಕ್ಕಿಂತ ಜಾಸ್ತಿ ನೀರನ್ನು ಪೈಪು ಎಳೆದುಕೊಳ್ಳುವುದು. ಒರತೆ ನೀರು ತುಂಬಿ ನಿಲ್ಲುವ ಗುಂಡಿಯ ಮಟ್ಟ ಪೈಪಿನ ಬಾಯಿಗಿಂತ ಕೆಳಗಿಳಿಯುತ್ತದೆ, ಗಾಳಿ ಒಳಗೆ ಹೋಗುತ್ತದೆ, ಕೊನೆಗೆ ಲೈನೇ ನಿಂತುಹೋಗುತ್ತದೆ. ಇದಕ್ಕೆ ಕೆಳಗಿನ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬನ್ನಿ. ಉಗುಳುವುದು ನಿಂತು ಒಂದೇ ಸಮ ಸಣ್ಣ ಧಾರೆ ಬೀಳುವ ಹಂತಕ್ಕೆ ಬಿಟ್ಟುಬಿಡಿ. ನೀರು ಬೇಕಾದಾಗ ವಾಲ್ವ್ ಮುಚ್ಚಿ ಅಂದರೆ ಯಾರೂ ಒಪ್ಪುವುದಿಲ್ಲ. ಆದರೆ ಮೇಲಿನ ಬಾಯಿ ಸದಾ ನೀರಿನೊಳಗೆ ಮುಳುಗಿದ್ದರೆ ಲೈನು ನಿಲ್ಲುವುದಿಲ್ಲ, ಬೆಳಗಾಗುವುದರೊಳಗೆ ಟ್ಯಾಂಕ್ ತುಂಬಿರುತ್ತದೆ.

ಗುಡ್ಡ ಹತ್ತುವ ಮೊದಲು

ಲೈನು ನೋಡಲು ಜಾಸ್ತಿ ಓಡಾಡಬೇಕಾದದ್ದು ಡಿಸೆಂಬರಿನಿಂದ ಮೇವರೆಗೆ. ಮಂಗನ ಕಾಯಿಲೆಯ ಕಾಲವೂ ಅದೇ. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಕಾಡಿನ ಉಣುಗಿನಿಂದ (ಉಣ್ಣೆ ಹುಳ). ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಹಾಕಿಕೊಳ್ಳಿ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆ ಮೇಲೆ ಕೂತು ಸುಧಾರಿಸಿಕೊಳ್ಳಬೇಡಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಲೈನಿನ ದಾರಿಯಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ನೀರು ಒಂದು ದಿನ ತಡವಾದರೂ ಪರವಾಗಿಲ್ಲ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತದೆ. ಅದರಿಂದ ಜೀವಕ್ಕೇನೂ ಆಗುವುದಿಲ್ಲ, ಸುಣ್ಣ ಹೊಗೆಸೊಪ್ಪು ಇದ್ದರೆ ಸಾಕು.

ಅಬ್ಬಿ ಗುಂಡಿ

ಮಳೆಗಾಲದಲ್ಲಿ ನಿಲ್ಲುವ ನೀರು ಹೆಚ್ಚಾಗಿ ಇಲ್ಲೇ ನಿಂತಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಒಂದು ರಾತ್ರಿ ಜೋರು ಹೊಡೆದರೆ ತರಗೆಲೆ, ಮರಳು, ಬೇರಿನ ಚೂರು ಎಲ್ಲ ಗುಂಡಿಗೆ ಬಂದು ಬೀಳುತ್ತವೆ. ಪೈಪಿನ ಬಾಯಿಗೆ ಬರಿಯ ಬಟ್ಟೆಯನ್ನೋ ಸೊಳ್ಳೆ ಪರದೆಯನ್ನೋ ಕಟ್ಟಿದರೆ ಎರಡು ಎಲೆ ಅಂಟಿದರೂ ಬಾಯಿ ಮುಚ್ಚಿಹೋಗುತ್ತದೆ. ಎರಡಿಂಚಿನ ಪಿವಿಸಿ ಪೈಪಿನ ಎರಡು ಮೊಳದ ತುಂಡು ತಗೊಳ್ಳಿ. ಆಕ್ಸಾ ಬ್ಲೇಡಿನಲ್ಲಿ ಸುತ್ತಲೂ ಗೀರು ಹಾಕಿ, ತುದಿಗೆ ಕ್ಯಾಪ್ ಹಾಕಿ, ಅದನ್ನು ಬಾಯಿಗೆ ಸೇರಿಸಿ. ಗೀರುಗಳೆಲ್ಲ ಸೇರಿ ಪೈಪಿನ ಬಾಯಿಗಿಂತ ಹಲವು ಪಟ್ಟು ಜಾಗ ಆಗಬೇಕು. ಆಗ ಅರ್ಧಕ್ಕರ್ಧ ಎಲೆ ಮುಚ್ಚಿದರೂ ನೀರು ಹೋಗುತ್ತಿರುತ್ತದೆ.

ಈ ತುಂಡು ಗುಂಡಿಯ ತಳಕ್ಕೆ ತಾಗಬಾರದು, ತಾಗಿದರೆ ಮರಳು ಎಳೆಯುತ್ತದೆ. ನೀರಿನ ಮೇಲ್ಮಟ್ಟಕ್ಕೂ ಹತ್ತಿರ ಇರಬಾರದು, ಸುಳಿ ಎದ್ದು ಗಾಳಿ ಎಳೆಯುತ್ತದೆ. ನಡುನೀರಿನಲ್ಲಿ ಇರಲಿ. ಸಣ್ಣ ಏಡಿ, ಕಪ್ಪೆಗಳು ಪೈಪಿನೊಳಗೆ ಹೊಕ್ಕು ಮೊದಲ ಬೆಂಡಿನಲ್ಲಿ ಸಿಕ್ಕಿಕೊಳ್ಳುವುದೂ ಗೀರಿನ ತುಂಡಿದ್ದರೆ ತಪ್ಪುತ್ತದೆ. ಗುಂಡಿಯ ತಳಕ್ಕೆ ಒಂದು ದಪ್ಪ ಪೈಪು ಕೂರಿಸಿ ಮುಚ್ಚಳ ಹಾಕಿದ್ದರೆ, ಮುಚ್ಚಳ ತೆಗೆದಾಗ ಮರಳೆಲ್ಲ ಒಂದೇ ಸಲಕ್ಕೆ ತೊಳೆದುಹೋಗುತ್ತದೆ. ಬುಟ್ಟಿಯಲ್ಲಿ ಮೊಗೆಯುವ ಕೆಲಸ ಇರುವುದಿಲ್ಲ.

ಗಾಳಿ ಹಿಡಿದರೆ

ಗುಂಡಿ ತುಂಬಿದೆ, ಎಲ್ಲೂ ಒಡೆದಿಲ್ಲ, ಆದರೂ ಕೆಳಗೆ ಹನಿ ನೀರಿಲ್ಲ. ಜನ ಅತಿ ಹೆಚ್ಚು ಪೈಪು ಹಾಳು ಮಾಡುವುದು ಇಲ್ಲಿಯೇ.

ಹಿಂದೆ ಅಡಿಕೆ ಮರ ಸೀಳಿ ದಂಬೆ ಮಾಡಿ ನೀರು ತರುತ್ತಿದ್ದರು. ದಂಬೆಗೆ ಗಾಳಿ ಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಮೇಲೆ ತೆರೆದಿತ್ತು, ಉದ್ದಕ್ಕೂ ಇಳಿಜಾರೇ ಇತ್ತು. ಪೈಪು ಬಂದ ಮೇಲೆ ಹತ್ತಿಸಿ ಇಳಿಸಿ ಹೇಗೆ ಬೇಕಾದರೂ ತರಬಹುದು ಅನ್ನಿಸಿತು. ಹತ್ತಿಸಬಹುದು ನಿಜ. ಆದರೆ ಪ್ರತಿ ಉಬ್ಬಿನ ನೆತ್ತಿಯಲ್ಲಿ, ಅದರಲ್ಲೂ ನೆತ್ತಿ ದಾಟಿ ಇಳಿಯುವ ಕಡೆ ಗಾಳಿ ಕೂರುತ್ತದೆ. ಹಾಗೆ ಕೂತ ಗಾಳಿ ಎಷ್ಟು ಎತ್ತರದ ಇಳಿಜಾರನ್ನು ತುಂಬಿದೆಯೋ ಅಷ್ಟು ಎತ್ತರದ ಒತ್ತಡವನ್ನು ತಿಂದುಹಾಕುತ್ತದೆ. ಒರತೆ 12 ಮೀಟರ್ ಮೇಲಿದೆ ಅಂದುಕೊಳ್ಳಿ. ದಾರಿಯಲ್ಲಿ ಮೂರು ಉಬ್ಬು, ಒಂದೊಂದರ ಇಳಿಜಾರಿನಲ್ಲೂ 4 ಮೀಟರ್ ಎತ್ತರಕ್ಕೆ ಗಾಳಿ. ಮೂರು ನಾಲ್ಕಲ ಹನ್ನೆರಡು. ಅಲ್ಲಿಗೆ ತಳ್ಳುವ ಬಲವೆಲ್ಲ ಮುಗಿಯಿತು, ನೀರು ಕದಲುವುದಿಲ್ಲ. ಎತ್ತರ ಜಾಸ್ತಿ ಇರುವ ಲೈನಿಗೆ ಗಾಳಿಯನ್ನು ನೂಕುವ ಶಕ್ತಿ ಇರುತ್ತದೆ. ತೊಂದರೆ ಕೊಡುವುದು ಎತ್ತರ ಕಮ್ಮಿ, ಉದ್ದ ಜಾಸ್ತಿ ಇರುವ ಲೈನು.

ಪ್ರತಿ ಉಬ್ಬಿನ ನೆತ್ತಿ ದಾಟಿದ ಕೂಡಲೇ ಒಂದು ಟೀ, ಅದಕ್ಕೊಂದು ಸಣ್ಣ ನಲ್ಲಿ ಹಾಕಿ. ಗಾಳಿ ತೆಗೆಯುವ ಕ್ರಮ ಹೀಗೆ. ಕೆಳಗಿನ ವಾಲ್ವ್ ಮುಚ್ಚಿ, ಉಬ್ಬಿನ ನಲ್ಲಿಗಳನ್ನೆಲ್ಲ ತೆರೆದಿಡಿ. ಮೇಲಿಂದ ನೀರು ಬಿಡಿ. ಒರತೆಗೆ ಹತ್ತಿರದ ಉಬ್ಬಿನ ಹತ್ತಿರ ನಿಂತು ನೋಡಿ. ಮೊದಲು ಉಸ್ ಅಂತ ಗಾಳಿ, ಆಮೇಲೆ ನೊರೆ ಸೇರಿದ ನೀರು, ಕೊನೆಗೆ ಒಂದೇ ಸಮ ತಿಳಿನೀರು ಬರುತ್ತದೆ. ಆಗ ಆ ನಲ್ಲಿ ಮುಚ್ಚಿ ಮುಂದಿನ ಉಬ್ಬಿಗೆ ಹೋಗಿ. ಮೇಲಿಂದ ಕೆಳಕ್ಕೆ ಒಂದಾದ ಮೇಲೊಂದು ಮುಚ್ಚುತ್ತ ಬರಬೇಕು. ಎಲ್ಲ ಮುಗಿದ ಮೇಲೆ ಕೆಳಗಿನ ವಾಲ್ವ್ ನಿಧಾನ ತೆರೆಯಿರಿ.

ನಲ್ಲಿ ಹಾಕಿಲ್ಲದ ಲೈನಿಗೆ ನಮ್ಮ ಕಡೆ ಮೊಳೆ ಕಾಯಿಸಿ ನೆತ್ತಿಯಲ್ಲಿ ತೂತು ಮಾಡಿ, ಆಮೇಲೆ ಮರದ ಕಡ್ಡಿ ಹೊಡೆದು ಸೈಕಲ್ ಟ್ಯೂಬ್ ಸುತ್ತುತ್ತಾರೆ. ಕೆಲಸ ನಡೆಯುತ್ತದೆ. ಆದರೆ ತೂತು ಮುಚ್ಚುವ ಮೊದಲು, ಕೆಳಗೆ ನೀರು ಬೀಳುತ್ತಿರುವಾಗಲೇ ಅದರ ಮೇಲೆ ಒಂದು ಹಸಿ ಎಲೆ ಇಟ್ಟು ನೋಡಿ. ನೀರು ಚಿಮ್ಮಿ ಎಲೆಯನ್ನು ಎತ್ತಿ ಎಸೆದರೆ ಒಳಗೆ ಒತ್ತಡ ಇದೆ, ಆ ಉಬ್ಬಿನಿಂದ ತೊಂದರೆ ಇಲ್ಲ. ಎಲೆ ತೂತಿಗೆ ಕಚ್ಚಿಕೊಂಡು ಒಳಕ್ಕೆ ಎಳೆದುಕೊಂಡರೆ ಆ ಉಬ್ಬು ಬೇಕಾದ್ದಕ್ಕಿಂತ ಎತ್ತರದಲ್ಲಿದೆ. ಅಲ್ಲಿ ಪೈಪು ನೀರನ್ನು ಹೀರಿ ದಾಟಿಸುತ್ತಿದೆ. ಅಂಥ ಕಡೆ ನಲ್ಲಿ ತೆರೆದಿಟ್ಟರೆ ಗಾಳಿ ಹೊರಗೆ ಬರುವ ಬದಲು ಒಳಗೆ ಹೋಗುತ್ತದೆ. ಸಣ್ಣ ಸಂದಿಯಿದ್ದರೂ ದಿನವೂ ಗಾಳಿ ಹಿಡಿಯುತ್ತದೆ. ಇದಕ್ಕೆ ಇರುವ ದಾರಿ ಒಂದೇ: ಗುದ್ದಲಿ ತಂದು ಕಾಲುವೆ ತೆಗೆದು ಪೈಪನ್ನು ತಗ್ಗಿಸಿ, ಇಲ್ಲವೇ ಗುಡ್ಡ ಸುತ್ತಿಸಿ ತನ್ನಿ.

ಕೆಳಗಿನಿಂದ ಪಂಪಿನಲ್ಲಿ ನೀರು ಏರಿಸಿ ಗಾಳಿಯನ್ನು ಮೇಲಕ್ಕೆ ದೂಡುವುದೂ ಒಳ್ಳೆ ಉಪಾಯ, ಕಸ ಕಟ್ಟಿದ್ದರೂ ಬಿಡುತ್ತದೆ. ಆದರೆ ಅಡಿಕೆಗೆ ಔಷಧಿ ಹೊಡೆಯುವ ಪಂಪು ಮತ್ತು ಅದರ ಪೈಪನ್ನು ಮಾತ್ರ ಇದಕ್ಕೆ ತರಲೇಬೇಡಿ. ಆ ಔಷಧಿಯ, ಅಂದರೆ ಬೋರ್ಡೋ ದ್ರಾವಣದ, ಮೈಲುತುತ್ತ ಎಷ್ಟು ತೊಳೆದರೂ ಒಳಗೆ ಅಂಟಿಕೊಂಡಿರುತ್ತದೆ. ಅದು ಕುಡಿಯುವ ನೀರಿನ ಲೈನು.

ರಾತ್ರಿ ಒಡೆಯುವ ಪೈಪು

ಎಷ್ಟೋ ವರ್ಷ ಚೆನ್ನಾಗಿದ್ದ ಲೈನು, ಟ್ಯಾಂಕಿಗೆ ಫ್ಲೋಟ್ ವಾಲ್ವ್ ಹಾಕಿದ ಮೇಲೆ ಪದೇ ಪದೇ ಒಡೆಯುತ್ತಿದೆ ಅಂತ ಹೇಳುವವರು ತುಂಬ ಜನ. ಪೈಪು ಹಳೆಯದಾಯಿತು ಅಂತ ಹೊಸದು ತರುತ್ತಾರೆ, ಅದೂ ಒಡೆಯುತ್ತದೆ. ಕಾರಣ ಬೇರೆ. ನೀರು ಹರಿಯುತ್ತಿರುವಾಗ ಎತ್ತರದ ಒತ್ತಡದ ಹೆಚ್ಚು ಪಾಲು ಪೈಪಿನ ಗೋಡೆಗೆ ತಿಕ್ಕುವುದರಲ್ಲೇ ಕಳೆದುಹೋಗುತ್ತದೆ. ಟ್ಯಾಂಕ್ ತುಂಬಿ ಫ್ಲೋಟ್ ಮುಚ್ಚಿಕೊಂಡಾಗ ಹರಿವು ನಿಂತು, ಪೂರ್ತಿ ಎತ್ತರದ ಒತ್ತಡ ತಳದ ಪೈಪಿನ ಮೇಲೆ ಕೂರುತ್ತದೆ. ರಾತ್ರಿ ಯಾರೂ ನೀರು ಬಳಸುವುದಿಲ್ಲ, ಹಾಗಾಗಿ ಒಡೆಯುವುದು ರಾತ್ರಿಯೇ.

ಅಂಗಡಿಯಲ್ಲಿ ಎರಡೂವರೆ ಕೆ.ಜಿ., ನಾಲ್ಕು ಕೆ.ಜಿ., ಆರು ಕೆ.ಜಿ. ಪೈಪು ಅಂತ ಕೇಳುತ್ತೇವಲ್ಲ, ಅದು ತೂಕದ ಮಾತಲ್ಲ, ತಡೆಯುವ ಒತ್ತಡದ ಮಾತು. 35 ಮೀಟರ್ ಇಳಿಯುವ ಲೈನಿನ ತಳಕ್ಕೆ ಎರಡೂವರೆ ಕೆ.ಜಿ. ಪೈಪು ಹಾಕಿದರೆ ಉಳಿಯುವುದಿಲ್ಲ. ಮೇಲಿನ ಭಾಗಕ್ಕೆ ತೆಳುವಿದ್ದರೂ ನಡೆಯುತ್ತದೆ, ಕೆಳಗಿನ ಭಾಗಕ್ಕೆ ಆರು ಕೆ.ಜಿ. ಪೈಪೇ ಇರಲಿ. ಹಾಗಂತ ಮೇಲೆ ತೀರಾ ತೆಳುವೂ ಬೇಡ. ಗುಂಡಿಯ ಬಾಯಿ ಕಟ್ಟಿದಾಗ ಕೆಳಗಿಳಿಯುವ ನೀರು ಹಿಂದೆ ಎಳೆಯುತ್ತದೆ, ತೆಳು ಪೈಪು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ನೀರಿನ ಮಟ್ಟಿಗೆ ಹೇಳುವುದಾದರೆ ನನಗೆ ಫ್ಲೋಟ್ ವಾಲ್ವೇ ಇಷ್ಟ ಇಲ್ಲ. ಟ್ಯಾಂಕ್ ತುಂಬಿದ ಮೇಲೆ ಉಕ್ಕಿದ ನೀರನ್ನು ಪೈಪಿನಲ್ಲಿ ತೋಟಕ್ಕೆ ಬಿಡಿ. ಲೈನಿಗೆ ಒತ್ತಡ ಬೀಳುವುದಿಲ್ಲ, ಅಡಿಕೆಗೂ ನೀರಾಯಿತು. ಎತ್ತರ 60 ಮೀಟರ್ ಮೇಲಿದ್ದರೆ ನಡುದಾರಿಯಲ್ಲಿ ಒಂದು ತೆರೆದ ತೊಟ್ಟಿ ಕಟ್ಟಿ. ಮೇಲಿನ ಪೈಪು ತೊಟ್ಟಿಗೆ ಬೀಳಲಿ, ಅಲ್ಲಿಂದ ಹೊಸ ಪೈಪು ಹೊರಡಲಿ. ತೊಟ್ಟಿಗೆ ಬಿದ್ದ ಕಡೆ ಒತ್ತಡ ಸೊನ್ನೆಯಾಗಿ ಮತ್ತೆ ಮೊದಲಿಂದ ಶುರುವಾಗುತ್ತದೆ.

ಜಾಯಿಂಟು ಕಳಚಲು ಇನ್ನೊಂದು ಕಾರಣ ಬಿಸಿಲು. ಕಪ್ಪು ಪೈಪು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ. 20 ಡಿಗ್ರಿ ವ್ಯತ್ಯಾಸಕ್ಕೆ 100 ಮೀಟರ್ ಪೈಪು ಸುಮಾರು ಒಂದಡಿ ಎಳೆದುಕೊಳ್ಳುತ್ತದೆ. ಮಾರ್ಚ್ ಮಧ್ಯಾಹ್ನ ಬಿಗಿಯಾಗಿ ಎಳೆದು ಕಟ್ಟಿದ ಪೈಪು ಜೂನಿನ ಮೊದಲ ಮಳೆಗೆ ಜಾಯಿಂಟಿನಿಂದ ಕಿತ್ತು ಬರುವುದು ಇದಕ್ಕೇ. ಹಾವಿನ ಹಾಗೆ ಓರೆಕೋರೆಯಾಗಿ ಹಾಸಿ, ಸಾಧ್ಯವಾದ ಕಡೆ ಮಣ್ಣು ಮುಚ್ಚಿ. ಮಂಗ ಎಳೆಯುವುದು, ಮುಳ್ಳುಹಂದಿ ಕಡಿಯುವುದೂ ಕಮ್ಮಿಯಾಗುತ್ತದೆ. ಹೂತ ಪೈಪು ಸೋರಿದರೆ ಬೇಸಿಗೆಯಲ್ಲಿ ಹುಡುಕುವುದು ಸುಲಭ. ಸುತ್ತ ಒಣಗಿರುವಾಗ ಒಂದು ಕಡೆ ಮಾತ್ರ ಹಸಿರು ಹುಲ್ಲು ಇರುತ್ತದೆ, ಒದ್ದೆ ಮಣ್ಣಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂತಿರುತ್ತವೆ.

ಎರಡು ಮನೆಗೆ ಒಂದೇ ಒರತೆ

ಒಂದೇ ಲೈನಿಗೆ ಟೀ ಹಾಕಿ ಎರಡು ಮನೆಗೆ ಒಯ್ದರೆ ತಗ್ಗಿನ ಮನೆಗೆ ಜಾಸ್ತಿ ಹೋಗುತ್ತದೆ, ಬೇಸಿಗೆಯಲ್ಲಿ ಎತ್ತರದ ಮನೆಗೆ ಏನೂ ಉಳಿಯುವುದಿಲ್ಲ. ವಾಲ್ವ್ ತಿರುಗಿಸಿ ಸರಿಮಾಡಲು ಹೋದರೆ ಯಾರು ತಿರುಗಿಸಿದರು ಅಂತ ಮಾತು ಬರುತ್ತದೆ. ಟೀ ಬದಲು ಇಬ್ಬರಿಗೂ ಮೇಲಾಗಿ ಒಂದು ಸಣ್ಣ ತೊಟ್ಟಿ ಕಟ್ಟಿಸಿ. ಒಂದೇ ಮಟ್ಟದಲ್ಲಿ, ಒಂದೇ ಅಳತೆಯ ಎರಡು ತೂತು ಇಡಿ. ತೂತಿನಿಂದ ಬಿದ್ದ ನೀರನ್ನು ಬೇರೆ ಬೇರೆ ಗುಂಡಿಯಲ್ಲಿ ಹಿಡಿದು, ಅಲ್ಲಿಂದ ಪೈಪು ಹೊರಡಿಸಿ. ಮನೆ ಎಷ್ಟೇ ತಗ್ಗಿನಲ್ಲಿದ್ದರೂ ಪಾಲು ಸಮ. ಮಟ್ಟ ನೋಡಲು ಗಾರೆಯವರ ಲೆವೆಲ್ ಪೈಪು ಸಾಕು.

ಮನೆಯೊಳಗೆ

ಟ್ಯಾಂಕ್ ತುಂಬಿದ್ದು ಒಂದೇ ನಲ್ಲಿಯಲ್ಲಿ ನೀರು ಸಣ್ಣಗಿದ್ದರೆ ಆ ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ ತೊಳೆಯಿರಿ. ಗುಡ್ಡದ ನೀರಿನ ಸಣ್ಣ ಮರಳು ಅಲ್ಲೇ ಕೂರುವುದು. ಎಲ್ಲ ನಲ್ಲಿಯೂ ಸಣ್ಣಗಾಗಿದ್ದರೆ ಟ್ಯಾಂಕಿನ ಮುಚ್ಚಳ ಒಮ್ಮೆ ಎತ್ತಿ ನೋಡಿ. ಗಾಳಿ ಹೋಗಲು ತೂತಿಲ್ಲದ ಮುಚ್ಚಳ ಬಿಗಿಯಾಗಿ ಕೂತರೆ ನೀರು ಇಳಿಯುವುದಿಲ್ಲ. ಎತ್ತಿದ ಕೂಡಲೇ ರಭಸ ಬಂದರೆ ಮುಚ್ಚಳದ ಪಕ್ಕ ಒಂದು ತೂತು ಮಾಡಿ, ಸೊಳ್ಳೆ ಹೋಗದಂತೆ ಜಾಲರಿ ಹಾಕಿ.

ಶವರ್ ಬರುವುದಿಲ್ಲ ಅನ್ನುವುದಕ್ಕೆ ಮಾತ್ರ ರಿಪೇರಿ ಇಲ್ಲ. ಶವರಿಗಿಂತ ಟ್ಯಾಂಕ್ ಒಂದು ಮೀಟರ್ ಮೇಲಿದ್ದರೆ ಸಿಗುವುದು ಗೇಜಿನ ಲೆಕ್ಕದಲ್ಲಿ 0.1. ಟ್ಯಾಂಕ್ ಎತ್ತರಿಸಿ, ಜೊತೆಗೆ ಟ್ಯಾಂಕಿನಿಂದ ಇಳಿಯುವ ಪೈಪು ದಪ್ಪ ಮಾಡಿ. ಮುಕ್ಕಾಲು ಇಂಚಿನಿಂದ ಒಂದಿಂಚಿಗೆ ಹೋದರೆ ಅದೇ ಎತ್ತರಕ್ಕೆ ಸುಮಾರು ಎರಡು ಪಟ್ಟು ನೀರು ಬರುತ್ತದೆ. ಅರ್ಧ ಇಂಚು ನಲ್ಲಿಯ ಹತ್ತಿರ ಮಾತ್ರ ಇರಲಿ.

ಸೋಲಾರಿನ ಬಿಸಿನೀರು ಬರದಿದ್ದರೆ ಎರಡು ಎತ್ತರ ನೋಡಿ. ತಣ್ಣೀರು ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಬಿಸಿನೀರಿನ ಗಾಳಿಪೈಪಿನ ತುದಿ ತಣ್ಣೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತಲೂ ಮೇಲಿರಬೇಕು, ಅದರ ಬಾಯಿ ತೆರೆದಿರಬೇಕು. ಇವೆರಡೂ ಸರಿಯಿದ್ದೂ ಬರದಿದ್ದರೆ ಬಿಸಿನೀರಿನ ಲೈನಿನಲ್ಲಿ ಗಾಳಿ ಇದೆ. ಗುಡ್ಡದಿಂದ ನೇರ ಬರುವ ನಲ್ಲಿಗೂ ಬಿಸಿನೀರಿನ ನಲ್ಲಿಗೂ ಒಂದು ತುಂಡು ಹೋಸ್ ಸೇರಿಸಿ, ಗುಡ್ಡದ ನಲ್ಲಿಯನ್ನು ಒಂದು ಸುತ್ತು ಮಾತ್ರ ತಿರುಗಿಸಿ, ಅರ್ಧ ನಿಮಿಷ ಬಿಟ್ಟು ಮುಚ್ಚಿ. ಗಾಳಿ ಮೇಲಿನ ಪೈಪಿನಿಂದ ಹೊರಗೆ ಹೋಗುತ್ತದೆ. ಹೋಸ್ ತೆಗೆಯಲು ಮರೆಯಬೇಡಿ.

ಮೊದಲ ಮಳೆ ಬಿದ್ದ ದಿನ ಟ್ಯಾಂಕಿಗೆ ಬೀಳುವ ಪೈಪನ್ನು ಹೊರಗೆ ತಿರುಗಿಸಿಡಿ. ಕೆಂಪು ನೀರೆಲ್ಲ ಹೋಗಿ ತಿಳಿಯಾಗುವವರೆಗೆ ಟ್ಯಾಂಕಿಗೆ ಬಿಡಬೇಡಿ. ತಿಳಿಯಾದ ಮೇಲೂ ಕುಡಿಯಲು ಮಾತ್ರ ಕುದಿಸಿಯೇ ಬಳಸಿ. ಒರತೆಯ ಮೇಲ್ಗಡೆ ಏನು ಸತ್ತು ಬಿದ್ದಿದೆ ಅಂತ ಮನೆಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.